ಜೇನು ಕೃಷಿಕರ ಬಳಗ, ಉಡುಪಿ: ಕೀಟತಜ್ಞರೊಂದಿಗೆ ಪ್ರಶ್ನೋತ್ತರ

ಹೆಬ್ರಿಯ ಸದಸ್ಯರು: ಸರ್, ನಮಸ್ಕಾರ. ನನ್ನ ಆರು ತುಡುವೆ (ನಮ್ಮ ನಾಡಿನ ಜೇನುನೊಣ) ಪೆಟ್ಟಿಗೆಗಳ ಪೈಕಿ ನಾಲ್ಕರಲ್ಲಿ ಮರಿಹುಳುಗಳು ತಲೆ ಮೇಲೆತ್ತಿದ ಸ್ಥಿತಿಯಲ್ಲೇ ಸಾಯುತ್ತಿವೆ. ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ತೂಗುತ್ತವೆ. ಮೊಬೈಲಿಗೆ ಬಂದ ಸಂದೇಶವನ್ನು ನಂಬಿ, ಮೂರು ಪೆಟ್ಟಿಗೆಗಳಿಗೆ ಸಕ್ಕರೆ ಪಾಕದಲ್ಲಿ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಕಲಸಿ ಕೊಟ್ಟೆ. ಮರಿಗಳ ಸಾವು ನಿಲ್ಲಲಿಲ್ಲ. ಆ ಮೂರರಲ್ಲಿ ಬೆಳೆದ ನೊಣಗಳೂ ಕಡಿಮೆಯಾಗಿವೆ.

ಕೀಟತಜ್ಞರು: ಇವು ಥಾಯಿ ಸ್ಯಾಕ್‌ಬ್ರೂಡ್ ರೋಗದ ಲಕ್ಷಣಗಳು. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಬರಿದು ಮಾಡಿದ್ದು ಇದೇ ರೋಗ. ಇದು ವೈರಸ್‌ನಿಂದ ಬರುತ್ತದೆ, ಟೆಟ್ರಾಸೈಕ್ಲಿನ್ ವೈರಸ್ಸನ್ನು ಏನೂ ಮಾಡುವುದಿಲ್ಲ. ಅದು ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು. ನಿಮ್ಮ ಪೆಟ್ಟಿಗೆಯಲ್ಲಿ ಅದರ ಕೈಗೆ ಸಿಕ್ಕಿದ್ದು ನೊಣಗಳ ಕರುಳಿನಲ್ಲಿ ಬಾಳುವ ಉಪಕಾರಿ ಬ್ಯಾಕ್ಟೀರಿಯಾಗಳು.

ಕೀಟಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಅವುಗಳ ಕೊಬ್ಬಿನ ಅಂಗಾಂಶವು ಸೋಂಕು ತಗಲಿದಾಗ ಪೆಪ್ಟೈಡ್ ಎಂಬ ರೋಗಾಣುನಾಶಕ ಸಣ್ಣ ಪ್ರೋಟೀನ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ; ಇದು ಹುಟ್ಟಿನಿಂದಲೇ ಬಂದ ರಕ್ಷಣೆ. 2006ರಲ್ಲಿ ಮೆಲ್ಲಿಫೆರಾ ಎಂಬ ಯುರೋಪಿನ ಜೇನುನೊಣದ ಜೀನೋಮ್ ಓದಿದಾಗ ಕಂಡದ್ದೇನೆಂದರೆ, ಹಣ್ಣುನೊಣ ಮತ್ತು ಸೊಳ್ಳೆಗಿರುವ ರೋಗನಿರೋಧಕ ಜೀನ್‌ಗಳ ಸುಮಾರು ಮೂರನೇ ಒಂದು ಪಾಲು ಮಾತ್ರ ಅದಕ್ಕಿದೆ. ಈ ಕೊರತೆಯನ್ನು ಗೂಡಿನ ಶುಚಿತ್ವವೂ ಕರುಳಿನ ಬ್ಯಾಕ್ಟೀರಿಯಾಗಳೂ ಬಹಳಮಟ್ಟಿಗೆ ತುಂಬಿಕೊಡುತ್ತವೆ. ಕೋಶದಿಂದ ಹೊರಬಂದ ನೊಣದ ಕರುಳು ಹೆಚ್ಚುಕಡಿಮೆ ಖಾಲಿಯಿರುತ್ತದೆ. ಮೊದಲ ಕೆಲವು ದಿನಗಳಲ್ಲಿ ಗೂಡಿನ ಹಿರಿಯ ನೊಣಗಳ ಒಡನಾಟದಿಂದ ಸ್ನೊಡ್‌ಗ್ರಾಸೆಲ್ಲಾ, ಗಿಲಿಯಾಮೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರುತ್ತವೆ. ಇವು ನೆಲೆಸಿದ ನೊಣದಲ್ಲಿ ಏಪಿಡೇಸಿನ್ ಎಂಬ ಪೆಪ್ಟೈಡ್ ಹೆಚ್ಚು ತಯಾರಾಗುತ್ತದೆ. ಟೆಟ್ರಾಸೈಕ್ಲಿನ್ ತಿನ್ನಿಸಿ ಗೂಡಿಗೆ ಮರಳಿಸಿದ ಮೆಲ್ಲಿಫೆರಾ ನೊಣಗಳು ಉಳಿದವುಗಳಿಗಿಂತ ಬೇಗ ಕಾಣೆಯಾದುದನ್ನು 2017ರಲ್ಲಿ ಟೆಕ್ಸಾಸ್‌ನ ಸಂಶೋಧಕರು ತೋರಿಸಿದರು. ತುಡುವೆಯ ಕರುಳಿನಲ್ಲಿಯೂ ಅದೇ ಬಳಗದ ಬ್ಯಾಕ್ಟೀರಿಯಾಗಳಿವೆ. ಮೂರು ಪೆಟ್ಟಿಗೆಗಳನ್ನು ನೋಡಿ ತೀರ್ಪು ಕೊಡಲಾಗದು, ಆದರೂ ನನಗೆ ಆಶ್ಚರ್ಯವಾಗಲಿಲ್ಲ. ಮರಿಗಳನ್ನು ಕೊಂದದ್ದು ವೈರಸ್. ಆ ಮರಿಗಳಿಗೆ ಉಣಿಸಿ ಸತ್ತವನ್ನು ಹೊರಹಾಕಬೇಕಾದ ದಾದಿ ನೊಣಗಳನ್ನು ಬಡವಾಗಿಸಿದ್ದು ಬಹುಶಃ ಕ್ಯಾಪ್ಸೂಲ್.

ರಾಣಿಯನ್ನು ಸುಮಾರು ಮೂರು ವಾರ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆಯಿರಿ. ವೈರಸ್‌ಗೆ ಹೊಸ ಮರಿ ಸಿಗಬಾರದು. ರೋಗದ ಗೂಡಿನ ಜೇನನ್ನು ಬೇರೆ ಗೂಡಿಗೆ ಉಣಿಸಬೇಡಿ. ಒಂದು ಪ್ರಶ್ನೆ: ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎರಿ (ಮೇಣದ ಕೋಶಗಳ ಹಲಗೆ) ಬದಲಾಯಿಸಿದ್ದೀರಾ?

ಬೆಳ್ಮಣ್ಣಿನ ಸದಸ್ಯರು: ಸರ್, ಬೆಳ್ಳುಳ್ಳಿ ರಸ ಮತ್ತು ಅರಿಶಿನ ಬೆರೆಸಿ ಎರಿಯ ಮೇಲೆ ಸಿಂಪಡಿಸಿದರೆ ಈ ರೋಗ ಮೂರೇ ದಿನದಲ್ಲಿ ಗುಣವಾಗುತ್ತದೆ ಎಂಬ ಸಂದೇಶವನ್ನು ಕೆಳಗೆ ಹಾಕಿದ್ದೇನೆ.

ಕೀಟತಜ್ಞರು: ಓದಿದೆ. ಆ ಸಂದೇಶದಲ್ಲಿ ಬರೆದವರ ಹೆಸರಿಲ್ಲ, ಎಷ್ಟು ಪೆಟ್ಟಿಗೆಗಳಲ್ಲಿ ಪರೀಕ್ಷಿಸಿದರೆಂಬುದೂ ಇಲ್ಲ. ಬೆಳ್ಳುಳ್ಳಿಯನ್ನು ಒಗ್ಗರಣೆಗೆ ಬಳಸಿ.

ಬ್ರಹ್ಮಾವರದ ಸದಸ್ಯರು: ಮುನ್ನೆಚ್ಚರಿಕೆಗಾಗಿ ಅರ್ಧ ಕ್ಯಾಪ್ಸೂಲ್ ಕೊಡಬಹುದೇ?

ಕೀಟತಜ್ಞರು: ಕೊಡಬಾರದು. ಮೇಲೆ ಬರೆದಿದ್ದೇನೆ.

ಕಾರ್ಕಳದ ಸದಸ್ಯರು: ರೋಗಕ್ಕೆ ನಿಜವಾದ ಕಾರಣ ಅಡಿಕೆ ತೋಟಗಳಿಗೆ ಹೊಡೆಯುವ ಹುಲ್ಲುನಾಶಕ. ಬೆಳ್ಮಣ್ಣಿನವರೇ ಕಳೆದ ವರ್ಷ ಹೊಡೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಳ್ಮಣ್ಣಿನ ಸದಸ್ಯರು: ಹುಲ್ಲು ಹೆರೆಯಲು ಆಳು ಎಲ್ಲಿ ಸಿಗುತ್ತಾರೆಂದು ತಾವೇ ತಿಳಿಸಿ, ನಾಳೆಯೇ ನಿಲ್ಲಿಸುತ್ತೇನೆ.

ಕಾರ್ಕಳದ ಸದಸ್ಯರು: ಆಳು ಸಿಗದಿದ್ದರೆ ನೆರೆಯವರ ನೊಣ ಸಾಯಬೇಕೇ?

ಕೀಟತಜ್ಞರು: ಸ್ಯಾಕ್‌ಬ್ರೂಡ್‌ಗೆ ಹುಲ್ಲುನಾಶಕ ಕಾರಣವಲ್ಲ. ಆದರೆ ಗ್ಲೈಫೋಸೇಟ್ ಎಂಬ ಹುಲ್ಲುನಾಶಕ ತಡೆಯುವ ಕಿಣ್ವವು ಸಸ್ಯಗಳಲ್ಲಿರುವಂತೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳಲ್ಲಿಯೂ ಇರುವುದರಿಂದ, ಅದು ಸ್ನೊಡ್‌ಗ್ರಾಸೆಲ್ಲಾವನ್ನು ಕುಗ್ಗಿಸುತ್ತದೆ ಎಂದು 2018ರ ಪ್ರಯೋಗ ತೋರಿಸಿದೆ. ಇಬ್ಬರೂ ಅರ್ಧರ್ಧ ಸರಿ. ಉಳಿದ ಜಗಳವನ್ನು ತೋಟದ ಬೇಲಿಯ ಬಳಿ ಮುಗಿಸಿಕೊಳ್ಳಿ.

ಮೂಡುಬಿದಿರೆಯ ಸದಸ್ಯರು: ಮೊಜಂಟಿ (ಕುಟುಕದ ಸಣ್ಣ ಜೇನು) ನೊಣಗಳಿಗೂ ಇಂತಹ ಬ್ಯಾಕ್ಟೀರಿಯಾಗಳಿವೆಯೇ?

ಕಿನ್ನಿಗೋಳಿಯ ಸದಸ್ಯರು: ಅಮೆರಿಕದಲ್ಲಿ ಜೇನುನೊಣಕ್ಕೆ ಲಸಿಕೆ ಬಂದಿದೆಯಂತೆ. ಅದನ್ನು ತರಿಸಬಾರದೇ?

ಕೀಟತಜ್ಞರು: 2023ರಲ್ಲಿ ಅಲ್ಲಿ ಷರತ್ತುಬದ್ಧ ಪರವಾನಗಿ ಪಡೆದ ಆ ಲಸಿಕೆ ಅಮೆರಿಕನ್ ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ. ಈ ವೈರಸ್‌ಗೆ ಅಲ್ಲ.

ಬ್ರಹ್ಮಾವರದ ಸದಸ್ಯರು: ಕಾಲು ಕ್ಯಾಪ್ಸೂಲ್?

ಕೀಟತಜ್ಞರು: ಮಾರಾಯರೇ, ಓದಲು ಬಾರದವರಿಗೆ ನಾನು ಬರೆದು ಪ್ರಯೋಜನವೇನು?

ಮೂಡುಬಿದಿರೆಯ ಸದಸ್ಯರು: ನನ್ನ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಹೆಬ್ರಿಯ ಸದಸ್ಯರು: ಸರ್, ತಡವಾಗಿ ನೋಡಿದೆ. ಎರಡನೆಯ ಪೆಟ್ಟಿಗೆ ದುರ್ಬಲವಾಯಿತೆಂದು, ಅದರ ಮರಿ ಎರಿಯೊಂದನ್ನು ಹದಿನೈದು ದಿನಗಳ ಹಿಂದೆ ಐದನೆಯದಕ್ಕೆ ಕೊಟ್ಟಿದ್ದೆ. ಐದನೆಯದರಲ್ಲಿ ಇದುವರೆಗೆ ಸಾವು ಕಂಡಿಲ್ಲ.

ಕೀಟತಜ್ಞರು: ಇವತ್ತು ಸಂಜೆಯೇ ಐದನೆಯದನ್ನು ತೆರೆದು, ಮುಚ್ಚಳದಲ್ಲಿ ತೂತಿರುವ ಕೋಶಗಳನ್ನು ಬಿಡಿಸಿ ನೋಡಿ. ಆರನೆಯದನ್ನು ಅದಕ್ಕಿಂತ ಮೊದಲು ನೋಡಿ ಮುಗಿಸಿ. ಐದನೆಯದನ್ನು ಮುಟ್ಟಿದ ಕೈಯಲ್ಲಿ ಆರನೆಯದನ್ನು ಮುಟ್ಟಬೇಡಿ.