ಸಹಾಯ ಬೇಕು: ಆಧಾರ 12ರಲ್ಲಿ ಅವಿಭಾಜ್ಯ ಸಂಖ್ಯೆಗಳ ಆವರ್ತ

ಎಲ್ಲರಿಗೂ ನಮಸ್ಕಾರ. ಗಣಿತ ಬಲ್ಲವರು ದಯವಿಟ್ಟು ಒಮ್ಮೆ ನೋಡಿ.

ಪಿಯುಸಿ ಮಕ್ಕಳಿಗೆ ಆಧಾರ 12ರಲ್ಲಿ, ಅಂದ್ರೆ ಹತ್ತರ ಬದಲು ಹನ್ನೆರಡರ ಗುಂಪುಗಳಲ್ಲಿ ಎಣಿಸೋ ಪದ್ಧತಿಯಲ್ಲಿ, ಭಾಗಾಕಾರ ಮಾಡಿಸ್ತಾ ಇದ್ದೀನಿ. 10ಕ್ಕೆ ಎ, 11ಕ್ಕೆ ಬಿ ಅಂತ ಬರೀತೀವಿ. ದಶಮಾನದಲ್ಲಿ 1/7ಕ್ಕೆ 142857 ಮತ್ತೆ ಮತ್ತೆ ಬರುತ್ತಲ್ಲ, ಇಲ್ಲಿ 186ಎ35 ಬರುತ್ತೆ. ಹೀಗೆ ಮತ್ತೆ ಮತ್ತೆ ಬರೋ ಅಂಕಿಗಳ ಗುಂಪೇ ಆವರ್ತ. 1ರಿಂದ 6ರವರೆಗಿನ ಶೇಷಗಳೆಲ್ಲ ಒಂದೊಂದು ಸಲ ಬಂದು ಹೋಗ್ತವೆ. ಅದನ್ನ ಅರ್ಧಕ್ಕೆ ಮುರಿದು 1ಕ್ಕೆ ಎ, 8ಕ್ಕೆ 3, 6ಕ್ಕೆ 5 ಕೂಡಿಸಿ, ಮೂರು ಸಲವೂ ಬಿ! ಮಕ್ಕಳಿಗೆ ಇದು ತುಂಬಾ ಹಿಡಿಸಿತು.

5, 7, 17, 31, 41ಕ್ಕೆ ಪೂರ್ಣ ಆವರ್ತ ಸಿಗುತ್ತೆ, ಅಂದ್ರೆ ಆ ಸಂಖ್ಯೆಗಿಂತ ಒಂದು ಕಡಿಮೆ ಅಂಕಿಗಳು. ಆದರೆ 11, 13, 23, 37ಕ್ಕೆ ಸಿಗಲ್ಲ. ಇವೆಲ್ಲ ಆಧಾರ 12ರಲ್ಲಿ ಬರೆದಾಗ 1 ಅಥವಾ ಬಿ ಇಂದ ಮುಗಿಯೋವು. ಅಂಥವಕ್ಕೆ 12 ವರ್ಗಶೇಷ ಆಗುತ್ತೆ (ಅಂದ್ರೆ ಆ ಅವಿಭಾಜ್ಯದಿಂದ ಭಾಗಿಸಿದಾಗ 12ಕ್ಕೆ ಬರೋ ಶೇಷವೇ ಯಾವುದೋ ಪೂರ್ಣಾಂಕದ ವರ್ಗಕ್ಕೂ ಬರುತ್ತೆ), ಆವರ್ತ ಪೂರ್ಣ ಆವರ್ತದ ಅರ್ಧ ದಾಟೋದೇ ಇಲ್ಲ. ಗೌಸ್ 1796ರಲ್ಲಿ ಸಾಧಿಸಿದ ವರ್ಗ ವ್ಯುತ್ಕ್ರಮ ನಿಯಮದಿಂದ (ಎರಡು ಬೆಸ ಅವಿಭಾಜ್ಯಗಳಲ್ಲಿ ಒಂದು ಇನ್ನೊಂದಕ್ಕೆ ವರ್ಗಶೇಷವೋ ಅನ್ನೋದನ್ನ ಅದಲುಬದಲು ಮಾಡಿ ಹೇಳೋ ನಿಯಮ) ಇದು ಬರುತ್ತೆ ಅಂತ ಗೊತ್ತು. ಆ ನಿಯಮ ಇಡೀ ಹೇಳದೆ, ಪಿಯುಸಿ ಮಟ್ಟಕ್ಕೆ ಇದನ್ನಷ್ಟೇ ಸಾಧಿಸಿ ತೋರಿಸೋ ದಾರಿ ಇದೆಯಾ?

ಇನ್ನೊಂದು ವಿಷಯ. ಆಧಾರ 12ರಲ್ಲಿ ಬರೆದಾಗ 19 ಮುಗಿಯೋದು 7ರಿಂದ, 29 ಮುಗಿಯೋದು 5ರಿಂದ. ಆದರೂ 1/19 ಬರೀ 076ಬಿ45, 1/29 ಬರೀ 04ಬಿ7. ಪೂರ್ಣ ಆವರ್ತದ ಅವಿಭಾಜ್ಯಗಳು ಅನಂತ ಅನ್ನೋ ಆರ್ಟಿನ್ ಅವರ 1927ರ ಊಹೆಗೇ ಇನ್ನೂ ಸಾಧನೆ ಸಿಕ್ಕಿಲ್ಲ, ಹಾಗಾಗಿ ಪೂರ್ತಿ ಸೂತ್ರ ಕೇಳ್ತಿಲ್ಲ. ಉದ್ದ ಭಾಗಾಕಾರ ಮಾಡದೆ 19, 29ರಂಥವನ್ನ ಬೇಗ ಗುರುತಿಸೋ ಕೈಲೆಕ್ಕ ಇದ್ರೆ ಸಾಕು. ಕನ್ನಡದಲ್ಲೇ ವಿವರಿಸಿದ್ರೆ ಮಕ್ಕಳಿಗೆ ಹಾಗೇ ಓದೋಕೆ ಕೊಡ್ತೀನಿ.