‘ಬೇಸಿಕ್ ಇನ್‌ಸ್ಟಿಂಕ್ಟ್ 2’ ಅಷ್ಟು ಕೆಟ್ಟ ಸಿನಿಮಾನಾ?

ಬಟವಾಡಿ ಬಾಯ್: ನಿನ್ನೆ ರಾತ್ರಿ ಮತ್ತೆ ನೋಡಿದೆ. ಎಲ್ಲರೂ ಬೈಯುವಷ್ಟು ಕೆಟ್ಟದಾಗಿಲ್ಲ. ಶುರುವಿನ ದೃಶ್ಯವೇ ಸಾಕು. ಲಂಡನ್‌ನಲ್ಲಿ ರಾತ್ರಿ, ಲೇಖಕಿ ಕ್ಯಾಥರಿನ್ ಕಾರನ್ನು ಯದ್ವಾತದ್ವಾ ಓಡಿಸುತ್ತಾಳೆ, ಪಕ್ಕದಲ್ಲಿ ಮತ್ತಿನಲ್ಲಿರುವ ಫುಟ್‌ಬಾಲ್ ಆಟಗಾರ, ಕಾರು ಸೀದಾ ಥೇಮ್ಸ್ ನದಿಗೆ ಬೀಳುತ್ತದೆ, ಅವನು ಮುಳುಗುತ್ತಾನೆ, ಅವಳು ಮೇಲೆ ಬರುತ್ತಾಳೆ. ಅವಳ ಮನಸ್ಸು ಪರೀಕ್ಷೆ ಮಾಡೋಕೆ ಬಂದ ಡಾಕ್ಟರ್ ಗ್ಲಾಸ್ ಕೊನೆಗೆ ಅವಳ ಬಲೆಗೇ ಬೀಳುತ್ತಾನೆ. ಕ್ಯಾಥರಿನ್ ಪಾತ್ರದ ಶರಾನ್ ಸ್ಟೋನ್ ಒಬ್ಬರೇ ಇಡೀ ಸಿನಿಮಾ ಹೊತ್ತಿದ್ದಾರೆ.

ಶಿರಾ ಗೇಟ್ ಸೀನ: ಹೊತ್ತಿದ್ದಾರಾ? ಕೆಟ್ಟ ಸಿನಿಮಾಗಳಿಗೆ ಕೊಡೋ ರಾಝಿ ಪ್ರಶಸ್ತಿ ಆ ಸಿನಿಮಾಗೂ ಬಂತು, ಅವರಿಗೂ ಬಂತು. ಖರ್ಚು 7 ಕೋಟಿ ಡಾಲರ್, ಬಂದಿದ್ದು 4 ಕೋಟಿಯೂ ಇಲ್ಲ. 1992ರ ಮೊದಲ ಭಾಗ 35 ಕೋಟಿ ದಾಟಿತ್ತು. 14 ವರ್ಷ ಬಿಟ್ಟು ಎರಡನೇ ಭಾಗ ತೆಗೆದರೆ ಯಾರು ನೋಡ್ತಾರೆ?

ಎಸ್‌ಎಸ್ ಪುರಂ ಸುಮಾ: “ಬಲೆಗೆ ಬೀಳುತ್ತಾನೆ” ಅಂತೆ! ಇವಳಿಗೆ ಅಪಾಯದ ಚಟ ಇದೆ ಅಂತ ಕೋರ್ಟಲ್ಲಿ ಹೇಳಿದವನೇ ಅವನು. ಆಮೇಲೆ ಅವಳನ್ನೇ ಪೇಷಂಟ್ ಮಾಡಿಕೊಳ್ಳುತ್ತಾನೆ. ಗೊತ್ತಿದ್ದೂ ಹೋದವನು ಅವನು. ಗಂಡಸು ಕೆಟ್ಟರೆ ತಪ್ಪು ಯಾವಾಗಲೂ ಹೆಂಗಸಿನದೇ ಅಲ್ವಾ?

ಕ್ಯಾತ್ಸಂದ್ರ ಕಿರಣ: ಸೀನ, ಎರಡನೇ ಭಾಗ ಯಾರೂ ನೋಡಲ್ಲ ಅಂದ್ರೆ ಏನು? ಆಪ್ತಮಿತ್ರ 2004, ಆಪ್ತರಕ್ಷಕ 2010. ಅಲ್ಲೂ ಮನೋವೈದ್ಯನೇ ಹೀರೋ. ಜನ ಮುಗಿಬಿದ್ದು ನೋಡಲಿಲ್ವಾ?

ಶಿರಾ ಗೇಟ್ ಸೀನ: ಅದು ಓಡಿದ್ದು ವಿಷ್ಣು ತೀರಿಕೊಂಡ ದುಃಖಕ್ಕೆ. ಕಥೆಗಲ್ಲ.

ಗುಬ್ಬಿ ಸಾಹಸಸಿಂಹ: ದುಃಖಕ್ಕೆ ಓಡಿತಾ? ಬಾಯಿಗೆ ಬಂದಂಗೆ ಬರೀಬೇಡಿ ಸ್ವಾಮಿ. ಅದು ದಾದಾ ಅವರ 200ನೇ ಸಿನಿಮಾ. ಡಾಕ್ಟರೂ ಅವರೇ, ವಿಜಯ ರಾಜೇಂದ್ರ ಬಹದ್ದೂರೂ ಅವರೇ. ಎರಡೂ ಪಾತ್ರದ ಕಣ್ಣೇ ಬೇರೆ, ನಡಿಗೆಯೇ ಬೇರೆ. ಥಿಯೇಟರಲ್ಲಿ ಕೂತು ನೋಡಿದವರನ್ನ ಕೇಳಿ.

ಶಿರಾ ಗೇಟ್ ಸೀನ: 2009ರ ಡಿಸೆಂಬರ್ 30ಕ್ಕೆ ಅವರು ಹೋದರು, ಫೆಬ್ರುವರಿಯಲ್ಲಿ ಸಿನಿಮಾ ಬಂತು. ನಾನು ಹೇಳಿದ್ದು ಅಷ್ಟೇ. ಮೇಲಾಗಿ ಆಪ್ತಮಿತ್ರದ ಮೂಲ 1993ರ ಮಲಯಾಳಂ ಸಿನಿಮಾ. ಅದನ್ನ ನಮ್ಮದು ಅಂತ ಮೆರೆಯೋದು ಯಾಕೆ?

ಗುಬ್ಬಿ ಸಾಹಸಸಿಂಹ: ಎರಡನೇ ಭಾಗದ ಮಾತಾಡ್ತಿದ್ದೀವಿ, ಮೊದಲನೆಯದಕ್ಕೆ ಓಡಿ ಹೋಗ್ತೀರಲ್ಲ. ಆಪ್ತರಕ್ಷಕ ನಮ್ಮದೇ. ಅದನ್ನೇ ತೆಲುಗಿನವರು ‘ನಾಗವಲ್ಲಿ’ ಅಂತ ವೆಂಕಟೇಶ್ ಹಾಕಿಕೊಂಡು ಮಾಡಿದರು. ಇದಕ್ಕೆ ಉತ್ತರ ಕೊಡಿ ಮೊದಲು.

ಕ್ಯಾತ್ಸಂದ್ರ ಕಿರಣ: ಕೊಡಲ್ಲ ಬಿಡಿ.

ಶಿರಾ ಗೇಟ್ ಸೀನ: ಯಾರು ಕೊಡಲ್ಲ? ಎರಡಕ್ಕೂ ಡೈರೆಕ್ಟರ್ ಪಿ. ವಾಸು, ಅವರು ಕನ್ನಡದವರಾ?

ಗುಬ್ಬಿ ಸಾಹಸಸಿಂಹ: ದಾದಾ ಬಗ್ಗೆ ಕೇಳಿದರೆ ವಾಸು ಬಗ್ಗೆ ಹೇಳ್ತೀರಾ. ನಿಮ್ಮಂಥವರಿಂದಲೇ ಅವರು ಬದುಕಿದ್ದಾಗ ನೊಂದಿದ್ದು.

ಬಟವಾಡಿ ಬಾಯ್: ನನ್ನ ಮಾತು ಎಲ್ಲಿಗೆ ಹೋಯ್ತು? ಕೊನೆ ದೃಶ್ಯದ ಬಗ್ಗೆ ಯಾರಾದರೂ ಹೇಳಿ. ಡಾಕ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ಮೇಲೆ ಬಾಯಿಬಿಡದೆ ಕೂತಿರುತ್ತಾನೆ. ಕ್ಯಾಥರಿನ್ ಬಂದು, ಕೊಲೆಗಳನ್ನೆಲ್ಲ ನೀನೇ ಮಾಡಿದೆ ಅನ್ನೋ ಹಾಗೆ ತನ್ನ ಹೊಸ ಕಾದಂಬರಿಯ ಕಥೆ ಹೇಳುತ್ತಾಳೆ. ಹಿಂದೆ ನೋಡಿದ ದೃಶ್ಯಗಳೆಲ್ಲ ಬೇರೆ ಥರ ಕಾಣೋಕೆ ಶುರುವಾಗುತ್ತವೆ. ಇದು ಮೊದಲ ಭಾಗದ ಕೊನೆಗೆ ಮಂಚದ ಕೆಳಗೆ ಐಸ್ ಪಿಕ್ (ಐಸ್ ಒಡೆಯೋ ಚೂಪು ಸಲಾಕೆ, ಅಲ್ಲಿ ಕೊಲೆಯ ಆಯುಧ) ತೋರಿಸಿದ್ದಕ್ಕಿಂತ ಗಟ್ಟಿ.

ಎಸ್‌ಎಸ್ ಪುರಂ ಸುಮಾ: “ನೀನೇ ಮಾಡಿದೆ” ಅಂತ ಸಿನಿಮಾನೇ ಹೇಳುತ್ತಿದೆಯಲ್ಲ! ನಾನು ಆಗಿಂದ ಹೇಳ್ತಿರೋದೂ ಅದೇ.

ಶಿರಾ ಗೇಟ್ ಸೀನ: ಗಟ್ಟಿನಾ? ಐಸ್ ಪಿಕ್ ಒಂದು ಮಾತೂ ಇಲ್ಲದೆ ಮೈ ಜುಂ ಅನ್ನಿಸಿತ್ತು. ಇಲ್ಲಿ ಅವಳು ಕೂತು ಪಾಠ ಮಾಡುತ್ತಾಳೆ. ಗುಬ್ಬಿಯವರೇ, ನಿಮಗೆ ಉತ್ತರ ಆಮೇಲೆ ಬರೀತೀನಿ, ಬಿಡಲ್ಲ.

ಗುಬ್ಬಿ ಸಾಹಸಸಿಂಹ: ಕಾಯ್ತಾ ಇದ್ದೀನಿ.