ಸೋಲಾರ್ ಇದ್ದೂ ವ್ಯಾನಿನ ಬ್ಯಾಟರಿ ಡೌನ್ ಆಗಿದ್ದು ಹೇಗೆ?

ಪ್ರಶ್ನೆ (ಬನಶಂಕರಿಯಿಂದ, ನಿವೃತ್ತ ಬ್ಯಾಂಕ್ ನೌಕರ):
ನಮಸ್ಕಾರ. ಹಳೆಯ ಟೆಂಪೊ ಟ್ರಾವೆಲರ್ ಒಂದಕ್ಕೆ ಮಂಚ, ಅಡುಗೆ ಕಟ್ಟೆ ಎಲ್ಲ ಕೂರಿಸಿಕೊಂಡು ನಾನೂ ನನ್ನ ಹೆಂಡತಿಯೂ ಊರೂರು ಸುತ್ತುತ್ತೇವೆ. ಮಂಚದ ಕೆಳಗೆ 150 ಎಎಚ್ (ಆಂಪಿಯರ್ ಅವರ್, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಟ್ಯೂಬುಲರ್ ಅನ್ನುವ ಸೀಸದ ಬ್ಯಾಟರಿ, ಪಕ್ಕದಲ್ಲಿ ಯುಪಿಎಸ್, ಮೇಲೆ 100 ವ್ಯಾಟ್ ಸೋಲಾರ್ ಪ್ಯಾನೆಲ್. ಎಂಜಿನ್ ಬ್ಯಾಟರಿ ಬೇರೆ, ಅದು 75 ಎಎಚ್. ಕಳೆದ ವರ್ಷ ಜೂನ್‌ನಿಂದ ಎರಡೂವರೆ ತಿಂಗಳು ವ್ಯಾನನ್ನು ಕೆಂಗೇರಿ ಹತ್ತಿರದ ನಮ್ಮ ಸೈಟಿನಲ್ಲಿ ನಿಲ್ಲಿಸಿದ್ದೆವು. ಬಂದು ಕೀ ತಿರುಗಿಸಿದರೆ ಬರೀ ಕಟಕಟ ಸದ್ದು. ಒಳಗಿನ ಬ್ಯಾಟರಿ ಮೀಟರಿನಲ್ಲಿ 10.9 ವೋಲ್ಟ್ ತೋರಿಸಿತು. ಎಂಜಿನ್‌ದು ಬದಲಾಯಿಸಿದೆವು. ಒಳಗಿನದನ್ನು ಚಾರ್ಜ್ ಮಾಡಿಸಿದರೂ ಅವತ್ತಿನಿಂದ ರಾತ್ರಿ ಫ್ಯಾನ್ ಹಾಕಿಕೊಂಡರೆ ಬೆಳಗಿನ ತನಕ ಬರುತ್ತಿಲ್ಲ.

ಈಗ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ಜೂನ್ ಕೊನೆಗೆ ಹೋದರೆ ಬರುವುದು ಡಿಸೆಂಬರ್. ಇನ್ನೊಂದು 100 ವ್ಯಾಟ್ ಪ್ಯಾನೆಲ್ ಹಾಕಿಸಿದರೆ ಸಾಕಾಗಬಹುದೇ?

ಉತ್ತರ (ರಾಜಾಜಿನಗರ, ಆಟೋ ಎಲೆಕ್ಟ್ರಿಷಿಯನ್):
ಪ್ಯಾನೆಲ್ ಮಾತು ಆಮೇಲೆ ಸರ್. ಮೊದಲು ಇಷ್ಟು ಹೇಳಿ. ವ್ಯಾನಿನ ಮೇಲೆ ಏನಾದರೂ ಹೊದಿಸಿದ್ದಿರಾ? ಹೋಗುವಾಗ ಯುಪಿಎಸ್ ಆಫ್ ಮಾಡಿದ್ದಿರಾ? ಜಿಪಿಎಸ್ ಟ್ರ್ಯಾಕರ್ ಇದೆಯಾ?

ಪ್ರಶ್ನೆ ಕೇಳಿದವರು:
ಮಳೆಗಾಲ ಅಂತ ನೀಲಿ ಟಾರ್ಪಾಲ್ ಹೊದಿಸಿ ಹಗ್ಗ ಕಟ್ಟಿದ್ದೆವು. ಮೇಲಿನ ಕಿಟಕಿಯಿಂದ ನೀರು ಸೋರುತ್ತಿತ್ತು. ಯುಪಿಎಸ್‌ಗೆ ಏನೂ ಸಿಕ್ಕಿಸಿರಲಿಲ್ಲ, ಆದರೆ ಬಂದಾಗ ಅದರ ಸ್ವಿಚ್ ಆನ್‌ನಲ್ಲೇ ಇತ್ತು. ಟ್ರ್ಯಾಕರ್ ಇದೆ, ಮಗ ಹಾಕಿಸಿದ್ದು. ಈ ಸಲ ದೂರ ಹೋಗುತ್ತಿರುವುದರಿಂದ ಅದು ಬೇಕೇ ಬೇಕು.

ಉತ್ತರ:
ಅಲ್ಲಿಗೆ ಪ್ಯಾನೆಲ್ ಎರಡೂವರೆ ತಿಂಗಳು ಟಾರ್ಪಾಲ್ ಹೊದ್ದು ಮಲಗಿತ್ತು ಅಂತಾಯಿತು. 100 ವ್ಯಾಟ್ ಅಲ್ಲ, 500 ಇದ್ದಿದ್ದರೂ ಅಷ್ಟೇ.

ಆದರೆ ಟಾರ್ಪಾಲ್ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಓವರ್‌ಹೆಡ್ ಟ್ಯಾಂಕಿನ ಕೆಳಗೆ ನಲ್ಲಿ ಸೋರುತ್ತಿದ್ದರೆ ಮೊದಲು ನಲ್ಲಿ ಸರಿ ಮಾಡಿಸುತ್ತೇವೋ, ಇನ್ನೊಂದು ಮೋಟಾರ್ ತರುತ್ತೇವೋ? ಎಷ್ಟು ಸೋರುತ್ತಿದೆ ಅಂತ ಅಳೆಯಿರಿ. ಸಾಧಾರಣ ಮಲ್ಟಿಮೀಟರ್ ಸಾಕು, ಎಸ್.ಪಿ. ರಸ್ತೆಯಲ್ಲಿ ಅಂಗಡಿಗೊಂದು ಸಿಗುತ್ತದೆ. ಕತ್ತಲಾದ ಮೇಲೆ ಅಳೆಯಿರಿ, ಬಿಸಿಲಿದ್ದರೆ ಪ್ಯಾನೆಲ್ ಲೆಕ್ಕ ಕೆಡಿಸುತ್ತದೆ. ಎಂಜಿನ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿ ಟರ್ಮಿನಲ್ಲಿಗೂ ಮಧ್ಯೆ ಮೀಟರ್ ಇಡಿ. ಅರ್ಧ ಗಂಟೆ ಬಿಟ್ಟು ನೋಡಿ. ಗಾಡಿಯ ಎಲೆಕ್ಟ್ರಾನಿಕ್ಸ್ ಮಲಗುವುದಕ್ಕೆ ಅಷ್ಟು ಹೊತ್ತು ಬೇಕು. ಆಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಒಳಗಿನ ಬ್ಯಾಟರಿಗೆ ಯುಪಿಎಸ್ ಆಫ್ ಮಾಡಿಯೇ ಹೀಗೆ ಅಳೆಯಿರಿ. ಯುಪಿಎಸ್ ಆನ್ ಇದ್ದಾಗಿನ ಲೆಕ್ಕಕ್ಕೆ ಡಿಸಿ ಕ್ಲ್ಯಾಂಪ್ ಮೀಟರ್ ಬೇಕು. ಮನೆ ವೈರಿಂಗ್ ಮಾಡುವವರ ಹತ್ತಿರ ಇರುವುದು ಬಹಳ ಸಲ ಎಸಿ ಮಾತ್ರ ತೋರಿಸುವಂಥದ್ದು, ಕೇಳಿ ತನ್ನಿ.

ಪ್ರಶ್ನೆ ಕೇಳಿದವರು (ಎರಡು ದಿನದ ಮೇಲೆ):
ಅಳೆದೆ. ಎಂಜಿನ್ ಕಡೆ 0.045 ಆಂಪಿಯರ್. ಒಳಗೆ ಯುಪಿಎಸ್ ಆನ್ ಇದ್ದರೆ 0.9, ಆಫ್ ಇದ್ದರೆ 0.06. ಇವೆಲ್ಲ ಸಣ್ಣ ಸಣ್ಣ ಸಂಖ್ಯೆ ಅಲ್ವಾ? ಇನ್ನೊಂದು ವಿಚಿತ್ರ. ಮೇನ್ ಸ್ವಿಚ್ ಆಫ್ ಮಾಡಿದರೆ ಸೋಲಾರ್ ಕಂಟ್ರೋಲರಿನ (ಪ್ಯಾನೆಲ್ ಮತ್ತು ಬ್ಯಾಟರಿ ಮಧ್ಯೆ ಚಾರ್ಜ್ ನೋಡಿಕೊಳ್ಳುವ ಡಬ್ಬಿ) ದೀಪವೂ ಆರಿಹೋಯಿತು.

ಉತ್ತರ:
ಬ್ಯಾಂಕಿನಲ್ಲಿದ್ದವರು ನೀವು, ಸಣ್ಣ ಬಡ್ಡಿ ಏನು ಮಾಡುತ್ತದೆ ಅಂತ ನಾನು ಹೇಳಬೇಕೇ?

ಎಂಜಿನ್ ಕಡೆಯ 0.045 ದಿನಕ್ಕೆ 1.08 ಎಎಚ್. 75 ದಿನಕ್ಕೆ 81. ಬ್ಯಾಟರಿ ಇರುವುದೇ 75. ಕಟಕಟ ಸದ್ದು ಅಲ್ಲಿಂದ ಬಂದಿದ್ದು. ಒಳಗಿನ 0.9 ದಿನಕ್ಕೆ 21.6 ಎಎಚ್. ಹೊಸ 150 ಎಎಚ್ ಬ್ಯಾಟರಿಯೂ ಏಳೇ ದಿನಕ್ಕೆ ಖಾಲಿ. ಫ್ಯಾನ್ ಇಲ್ಲ, ಬಲ್ಬ್ ಇಲ್ಲ. ಯುಪಿಎಸ್ ಸುಮ್ನೆ ಎಚ್ಚರವಾಗಿ ಕೂತಿರುವುದಕ್ಕೇ ಇಷ್ಟು. ನಿಮ್ಮ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಸುಮಾರು ಐದೂವರೆ ಆಂಪಿಯರ್ ಕೊಡುತ್ತದೆ. ದಿನಕ್ಕೆ ನಾಲ್ಕು ಗಂಟೆ ಅಂಥ ಬಿಸಿಲು ಸಿಕ್ಕರೆ 22 ಎಎಚ್. ಅಂದರೆ ಟಾರ್ಪಾಲ್ ಇಲ್ಲದಿದ್ದರೂ ಅದರ ದುಡಿಮೆ ಪೂರ್ತಿ ಯುಪಿಎಸ್ ಹೊಟ್ಟೆಗೇ ಹೋಗುತ್ತಿತ್ತು.

ಯುಪಿಎಸ್ ಆಫ್ ಮಾಡಿದರೆ ಒಳಗಿನ ಖರ್ಚು ದಿನಕ್ಕೆ ಒಂದೂವರೆ ಎಎಚ್. ಬ್ಯಾಟರಿ ತನ್ನಷ್ಟಕ್ಕೆ ತಾನೇ ತಿಂಗಳಿಗೆ ನೂರಕ್ಕೆ ಐದರಷ್ಟು ಕಳೆದುಕೊಳ್ಳುತ್ತದೆ, ಅದನ್ನೂ ಸೇರಿಸಿಕೊಂಡರೆ ಎರಡು. ಜುಲೈನ ಮೋಡ ಮುಚ್ಚಿದ ದಿನ ಪ್ಯಾನೆಲ್ ಕಾಲು ಭಾಗ ಕೊಟ್ಟರೂ ಐದು ಬರುತ್ತದೆ. ಇನ್ನೊಂದು ಪ್ಯಾನೆಲ್ ಯಾಕೆ ಬೇಕು?

ನೀವು ವಿಚಿತ್ರ ಅಂದಿದ್ದೇ ಇದರಲ್ಲಿ ಮುಖ್ಯವಾದ ಮಾತು. ವ್ಯಾನ್ ಕಟ್ಟಿಕೊಟ್ಟವರು ಕಂಟ್ರೋಲರಿನ ವೈರನ್ನು ಮೇನ್ ಸ್ವಿಚ್ಚಿನ ಆಚೆ ಕೂಡಿಸಿದ್ದಾರೆ. ಹುಷಾರಾಗಿ ಎಲ್ಲ ಆಫ್ ಮಾಡಿ ಹೋದವರಿಗೆ ಬ್ಯಾಟರಿ ಚಾರ್ಜೇ ಆಗುವುದಿಲ್ಲ! ಜೊತೆಗೆ ಬ್ಯಾಟರಿ ಇಲ್ಲದೆ ಪ್ಯಾನೆಲ್ ಮಾತ್ರ ಕೂಡಿಕೊಂಡಿದ್ದರೆ ಕಂಟ್ರೋಲರೂ ಕೆಡಬಹುದು. ಕಂಟ್ರೋಲರಿನಿಂದ ವೈರ್ ನೇರ ಬ್ಯಾಟರಿ ಟರ್ಮಿನಲ್ಲಿಗೆ ಬರಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ಬದಲಾಯಿಸುವಾಗ ಮೊದಲು ಪ್ಯಾನೆಲ್ ಬಿಚ್ಚಿ, ಆಮೇಲೆ ಬ್ಯಾಟರಿ. ಕೂಡಿಸುವಾಗ ಉಲ್ಟಾ, ಬ್ಯಾಟರಿ ಮೊದಲು.

ಎಂಜಿನ್ ಬ್ಯಾಟರಿಗೆ ಈಗ ಸೋಲಾರ್ ಸಂಬಂಧವೇ ಇಲ್ಲ. ಟ್ರ್ಯಾಕರ್ ಬೇಡ ಅಂದಿದ್ದರೆ 10 ನಂಬರ್ ಸ್ಪ್ಯಾನರ್ ಹಿಡಿದು ನೆಗೆಟಿವ್ ಬಿಚ್ಚಿಬಿಡಿ ಅನ್ನುತ್ತಿದ್ದೆ. ಬೇಕು ಅಂದಿರಲ್ಲ, ಎರಡು ದಾರಿ ಇದೆ. ಎರಡೂ ಬ್ಯಾಟರಿ ಮಧ್ಯೆ ವಿಎಸ್‌ಆರ್ ಅನ್ನುವ ರಿಲೇ ಹಾಕುವುದು ಒಂದು. ಎರಡೂ ಕಡೆಯ ವೋಲ್ಟೇಜ್ ನೋಡುವಂಥದ್ದೇ ಆಗಬೇಕು. ಒಳಗಿನದು ಸುಮಾರು 13.3 ದಾಟಿದರೆ ಎರಡನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಇನ್ನೊಂದು, 20 ವ್ಯಾಟ್‌ನ ಪುಟ್ಟ ಪ್ಯಾನೆಲ್, ಅದಕ್ಕೇ ಒಂದು ಸಣ್ಣ ಪಿಡಬ್ಲ್ಯುಎಂ ಅನ್ನುವ ಸಾದಾ ಕಂಟ್ರೋಲರ್. ನನ್ನ ಓಟು ಇದಕ್ಕೆ. ಆರು ತಿಂಗಳು ಯಾರೂ ನೋಡದೆ ನಿಲ್ಲುವ ಗಾಡಿ, ಒಂದು ಕೆಟ್ಟರೆ ಇನ್ನೊಂದಾದರೂ ಉಳಿಯಲಿ. ಇಷ್ಟು ಚಿಕ್ಕದಕ್ಕೆ ಎಂಪಿಪಿಟಿ ಅನ್ನುವ ದುಬಾರಿ ಕಂಟ್ರೋಲರ್ ಹಾಕುವುದು ದುಡ್ಡು ದಂಡ.

ಗುಂಪಿನ ಇನ್ನೊಬ್ಬರು:
ಅಣ್ಣ, ಚಿಕ್ಕ ಪ್ಯಾನೆಲ್ ಆದರೆ ಕಂಟ್ರೋಲರ್ ಯಾಕೆ? ನನ್ನ ಫ್ರೆಂಡ್ ನೇರ ಬ್ಯಾಟರಿಗೇ ಕೊಟ್ಟಿದ್ದಾನೆ.

ಉತ್ತರ:
5 ವ್ಯಾಟ್‌ದಾದರೆ, ರಾತ್ರಿ ಕರೆಂಟ್ ವಾಪಸ್ ಹರಿಯದ ಹಾಗೆ ಡಯೋಡ್ ಇದ್ದರೆ, ದೊಡ್ಡ ಬ್ಯಾಟರಿಗೆ ನಡೆಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಬೇಡ. 12 ವೋಲ್ಟ್ ಪ್ಯಾನೆಲ್ ಅಂತ ಹೆಸರಷ್ಟೇ, ಏನೂ ಕೂಡಿಸದೆ ಬಿಸಿಲಿಗೆ ಹಿಡಿದರೆ 21, 22 ತೋರಿಸುತ್ತದೆ. ತುಂಬಿದ ಬ್ಯಾಟರಿಯನ್ನು 13.5ರಿಂದ 13.8ರ ಒಳಗೆ ಹಿಡಿದಿಡುವ ಕೆಲಸ ಕಂಟ್ರೋಲರ್‌ದು. ಅದಿಲ್ಲದಿದ್ದರೆ ನೀರು ಕುದಿದು ಹೋಗುತ್ತದೆ. ನಿಮ್ಮ ಫ್ರೆಂಡ್ ವಾರಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ತರುತ್ತಿರಬೇಕು, ಕೇಳಿ ನೋಡಿ.

ಗುಂಪಿನ ಸದಸ್ಯೆ (ವೈಟ್‌ಫೀಲ್ಡ್):
ನಮ್ಮದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಪಾರ್ಕಿಂಗ್, ಬಿಸಿಲೇ ಇಲ್ಲ. ಬ್ಯಾಟರಿ ಲಿಥಿಯಂ ಫಾಸ್ಫೇಟ್, 100 ಎಎಚ್. ಮೂರು ತಿಂಗಳು ಊರಿಗೆ ಹೋಗಬೇಕು. ವಾಚ್‌ಮನ್‌ಗೆ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡು ಅಂತ ಹೇಳಿ ಹೋಗಲೇ?

ಉತ್ತರ:
ನಿಮಗೆ ಸೋಲಾರ್ ಬೇಡ ಮೇಡಂ. ಸೀಸದ ಬ್ಯಾಟರಿ ಯಾವಾಗಲೂ ಹೊಟ್ಟೆ ತುಂಬ ಇರಬೇಕು. ಖಾಲಿ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಲಿಥಿಯಂ ಹಾಗಲ್ಲ, ಅರ್ಧ ಹೊಟ್ಟೆಯಲ್ಲಿ ನೆಮ್ಮದಿಯಾಗಿರುತ್ತದೆ. ನೂರಕ್ಕೆ 50, 60ಕ್ಕೆ ತಂದು, ಲೋಡ್ ಎಲ್ಲ ಬಿಚ್ಚಿ ಹೋಗಿ. ತಿಂಗಳಿಗೆ ಎರಡು ಮೂರು ಪರ್ಸೆಂಟ್ ಇಳಿಯಬಹುದು ಅಷ್ಟೇ. ವೋಲ್ಟ್ ನೋಡಿ ಎಷ್ಟಿದೆ ಅಂತ ಹೇಳಲು ಹೋಗಬೇಡಿ. ಲಿಥಿಯಂನಲ್ಲಿ ವೋಲ್ಟೇಜ್ ಬಹಳ ಹೊತ್ತು ಒಂದೇ ಕಡೆ ನಿಂತಿರುತ್ತದೆ. ಆ್ಯಪ್‌ನಲ್ಲಿ ನೋಡಿ.

ವಾಚ್‌ಮನ್ ಕೈಗೆ ಕೀ ಬೇಡ. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ನಿಲ್ಲಿಸಿದರೆ ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರ್ ಒಳಗೆ ನೀರು ಮಾತ್ರ ಕೂರುತ್ತದೆ. ಯಾರಾದರೂ ನಂಬಿಕಸ್ತರು ಇದ್ದರೆ ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಓಡಿಸಲಿ, ಟೈರಿಗೂ ಒಳ್ಳೆಯದು. ಇಲ್ಲವಾದರೆ ಎಂಜಿನ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹೋಗಿ.

ಪ್ರಶ್ನೆ ಕೇಳಿದವರು:
ಮಧ್ಯೆ ಬಂದಿದ್ದಕ್ಕೆ ಕ್ಷಮೆ ಇರಲಿ. ನನ್ನ ಹಳೆಯ ಟ್ಯೂಬುಲರ್ ಉಳಿಯುತ್ತದೆಯೇ? ಮತ್ತೆ ಪ್ಯಾನೆಲ್ ಛಾವಣಿ ಮೇಲೆ ಅಡ್ಡಡ್ಡ ಮಲಗಿದೆ. ದಕ್ಷಿಣಕ್ಕೆ ಎತ್ತಿ ಕೂರಿಸಬೇಕು ಅನ್ನುತ್ತಾರೆ.

ಉತ್ತರ:
ಬೆಂಗಳೂರಿಗೆ ಮಲಗಿಸಿದ್ದೇ ಸರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಆ ಎರಡರ ಮಧ್ಯೆ ಅವನು ನಮಗೆ ಉತ್ತರಕ್ಕೇ ಇರುತ್ತಾನೆ. ನೀವು ಹೋಗುವ ಕಾಲಕ್ಕೆ ದಕ್ಷಿಣಕ್ಕೆ ಎತ್ತಿದರೆ ಲಾಭವೇನಿಲ್ಲ. ಒಂದೇ ಕಾರಣಕ್ಕೆ ಸ್ವಲ್ಪ ಓರೆ ಮಾಡಿ, ನೀರು ಇಳಿದು ಹೋಗಲಿ ಅಂತ. ಸಮ ಇದ್ದರೆ ಮಳೆ ನಿಂತ ಮೇಲೆ ಫ್ರೇಮಿನ ಅಂಚಿನಲ್ಲಿ ಬೆರಳಗಲದ ಕೆಸರು ಗೆರೆ ಒಣಗಿ ಕೂರುತ್ತದೆ. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸೆಲ್‌ಗಳೆಲ್ಲ ಸಾಲಾಗಿ ಕೈ ಹಿಡಿದು ನಿಂತಿರುತ್ತವೆ, ಒಂದು ಸಾಲು ಮುಚ್ಚಿದರೂ ಕರೆಂಟ್ ಧಡಾರನೆ ಇಳಿಯುತ್ತದೆ. ಮರದ ಕೊಂಬೆಯ ನೆರಳೂ ಅಷ್ಟೇ. ಹೊಂಗೆ ಮರದ ಕೆಳಗೆ ನಿಲ್ಲಿಸುವುದು ನಿಮಗೆ ತಂಪು, ಪ್ಯಾನೆಲ್‌ಗೆ ಉಪವಾಸ. ಟಾರ್ಪಾಲ್ ಬೇಕೇ ಬೇಕಾದರೆ ಪ್ಯಾನೆಲ್ ಬಿಟ್ಟು ಕಟ್ಟಿ. ಅದಕ್ಕಿಂತ ಕಿಟಕಿಯ ಸೋರಿಕೆಗೆ ಸೀಲೆಂಟ್ ಹಾಕಿಸಿ.

ಬ್ಯಾಟರಿ ನೋಡದೆ ಹೇಳಲಾರೆ. ತನ್ನಿ, ಗ್ರ್ಯಾವಿಟಿ, ಅಂದರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ನೋಡೋಣ.

ಉತ್ತರ (ನಾಲ್ಕು ದಿನದ ಮೇಲೆ):
ಸರ್ ಬ್ಯಾಟರಿ ತಂದಿದ್ದರು. ಎಲ್ಲರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಒಂದು ರಾತ್ರಿ, ಒಂದು ಹಗಲು ನಿಧಾನಕ್ಕೆ ಚಾರ್ಜ್ ಮಾಡಿದೆ. ಆರು ಮುಚ್ಚಳ ತೆಗೆದು ಆಸಿಡ್ಡನ್ನು ಒಂದೊಂದಾಗಿ ಹೈಡ್ರೋಮೀಟರ್‌ನಲ್ಲಿ ಎಳೆದೆ. ಐದು ಸೆಲ್‌ನಲ್ಲಿ ಬುರುಡೆ ತೇಲಿ 1.220, 1.230ರ ಹತ್ತಿರ ನಿಂತಿತು. ತುಂಬಿದ ಟ್ಯೂಬುಲರ್‌ಗೆ 1.240 ಇರಬೇಕು, ಪರವಾಗಿಲ್ಲ. ಮೂರನೇ ಸೆಲ್‌ನಲ್ಲಿ 1.130. ಅದೊಂದು ಹೋಗಿದೆ. ಸೆಲ್‌ಗಳ ಮಧ್ಯೆ 50 ಪಾಯಿಂಟ್‌ಗಿಂತ (ಅಂದರೆ 0.050) ಜಾಸ್ತಿ ವ್ಯತ್ಯಾಸ ಇದ್ದರೆ ನಾನು ಬ್ಯಾಟರಿ ಮೇಲೆ ಇನ್ನು ದುಡ್ಡು ಹಾಕಿಸುವುದಿಲ್ಲ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತೆಗೆದುಕೊಂಡರು.

ಹೊಸದಕ್ಕೆ ಒಂದು ಮಾತು. ಟ್ಯೂಬುಲರ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕಿಟಕಿ ಎಲ್ಲ ಮುಚ್ಚಿ ಆರು ತಿಂಗಳು ಹೋಗುತ್ತೀರಿ, ಮಂಚದ ಕೆಳಗಿನ ಪೆಟ್ಟಿಗೆಯಿಂದ ಹೊರಕ್ಕೆ ಪೈಪ್ ಇರಲೇಬೇಕು. ಗ್ಯಾಸ್ ಸಿಲಿಂಡರ್ ಇಳಿಸಿಬಿಡಿ. ಪೂರ್ತಿ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ಮ್ಯಾಕ್ಸ್ ಗೆರೆ ತನಕ, ಅದರ ಮೇಲೆ ಒಂದು ಹನಿಯೂ ಬೇಡ. ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹೊರಡುವ ಮೊದಲು ಹತ್ತು ದಿನ ಸೈಟಿನಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಿ. ವೋಲ್ಟ್ ನೋಡುವುದು ಬೆಳಗ್ಗೆ ಬಿಸಿಲು ಬೀಳುವ ಮುಂಚೆ. ಮಧ್ಯಾಹ್ನ ನೋಡಿದರೆ 13.6 ಕಾಣುತ್ತದೆ, ಅದು ಚಾರ್ಜರಿನ ವೋಲ್ಟೇಜ್, ಬ್ಯಾಟರಿಯದ್ದಲ್ಲ. ಬೆಳಗ್ಗೆ 12.6ರ ಮೇಲಿದ್ದರೆ ಧೈರ್ಯವಾಗಿ ಹೋಗಿ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ.

ಪ್ರಶ್ನೆ ಕೇಳಿದವರು:
ಹತ್ತು ದಿನ ಆಯಿತು. ಇದರಲ್ಲಿ ನಾಲ್ಕು ದಿನ ಮೋಡ. ಇವತ್ತು ಬೆಳಗ್ಗೆ ಆರಕ್ಕೆ ಹೋಗಿ ನೋಡಿದೆ. ಒಳಗಿನದು 12.75, ಎಂಜಿನ್ 12.68. ಮೇನ್ ಸ್ವಿಚ್ ಆಫ್, ಕಂಟ್ರೋಲರ್ ದೀಪ ಮಾತ್ರ ಉರಿಯುತ್ತಿದೆ. ಒಂದೇ ಒಂದು ಎಡವಟ್ಟು. ಪುಟ್ಟ ಪ್ಯಾನೆಲ್ ಮೇಲೆ ಒಂದು ಕಾಗೆ ದಿನಾ ಬಂದು ಕೂತು ಹಿಕ್ಕೆ ಹಾಕುತ್ತದೆ. ಏನು ಮಾಡಲಿ?

ಉತ್ತರ:
ಕಾಗೆಗೆ ನನ್ನ ಹತ್ತಿರ ಕಂಟ್ರೋಲರ್ ಇಲ್ಲ ಸರ್. ಪ್ಯಾನೆಲ್‌ಗಿಂತ ಎತ್ತರದಲ್ಲಿ, ನೆರಳು ಬೀಳದ ಹಾಗೆ ಒಂದು ಕೋಲು ಕಟ್ಟಿ, ಅದು ಅಲ್ಲಿ ಕೂರಲಿ. ಪಕ್ಕದ ಸೈಟಿನವರಿಗೆ ತಿಂಗಳಿಗೊಮ್ಮೆ ಒಂದು ಬಕೆಟ್ ನೀರು ಸುರಿಯಲು ಹೇಳಿ ಹೋಗಿ.